ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಯಾಕೆ ಬೇಡ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. 2019ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್ ಇದೆ. ಎಂಟನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಅಂಗಡಿಯವರು ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿಸಬೇಕು ಅನ್ನುತ್ತಾರೆ. ನಾಲ್ಕು ಸಲ ಮಾಡಿಸಿದ್ದೇನೆ. ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಕಳೆದ ಸಲ ಮಾಡಿಸಿದ ಮೇಲೆ ನಮ್ಮ ಸಂಘದ ಸದಸ್ಯರ ಪಟ್ಟಿ ತೆರೆದರೆ ಕನ್ನಡವೇ ಇಲ್ಲ, ಏನೇನೋ ಇಂಗ್ಲಿಷ್ ಗುರುತುಗಳು. ಮನೆಯಲ್ಲಿ ನಾನೇ ಏನು ಮಾಡಿಕೊಳ್ಳಬಹುದು?

ಉತ್ತರ: ಐದನೇ ಸಲ ಫಾರ್ಮ್ಯಾಟ್ ಮಾಡಿಸಲು ಮಾತ್ರ ಹೋಗಬೇಡಿ. ನಿಮ್ಮ ಲ್ಯಾಪ್‌ಟಾಪ್‌ಗೆ ಇನ್ನೂ ಆಯುಸ್ಸು ಇದೆ. ನೀವು ಬರೆದದ್ದನ್ನು ನೋಡಿದರೆ ಅದರ ಕಾಯಿಲೆ ಒಂದು, ಕೊಡುತ್ತಿರುವ ಮದ್ದು ಇನ್ನೊಂದು.

ನಾನು ಮುಂಬಯಿಯ ಮುಲುಂಡ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವುದರಲ್ಲಿ ನಮ್ಮೂರ ಕಡೆಯವರ ಹೋಟೆಲ್‌ಗಳ ಬಿಲ್ಲಿಂಗ್ ಕಂಪ್ಯೂಟರ್‌ಗಳೇ ಜಾಸ್ತಿ. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹನ್ನೊಂದಕ್ಕೆ ಬಂದ್. ಮೇಲಿಂದ ಎಣ್ಣೆಯ ಹೊಗೆ, ಹಿಟ್ಟಿನ ಧೂಳು. ಅಷ್ಟಾದರೂ ಐದಾರು ವರ್ಷ ಒಂದು ಸಲವೂ ಫಾರ್ಮ್ಯಾಟ್ ಕಾಣದೆ ದುಡಿಯುತ್ತಿರುವವು ಅವುಗಳಲ್ಲಿ ಇವೆ. ಹೋಟೆಲಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಗ್ರೈಂಡರನ್ನು ಪ್ರತಿ ರಾತ್ರಿ ತೊಳೆದಿಡುತ್ತಾರೆ. ತೊಳೆಯದೆ ಬಿಟ್ಟು, ವಾಸನೆ ಬಂತು ಅಂತ ಆರು ತಿಂಗಳಿಗೊಮ್ಮೆ ಅಡುಗೆಮನೆಯನ್ನೇ ಒಡೆದು ಕಟ್ಟುವುದಿಲ್ಲ ಅಲ್ವಾ? ಫಾರ್ಮ್ಯಾಟ್ ಅಂದರೆ ವಿಂಡೋಸ್ ಇದ್ದ ಜಾಗವನ್ನು ಅಳಿಸಿ ಅದನ್ನು ಹೊಸದಾಗಿ ಹಾಕುವುದು, ಅದೇ ಒಡೆದು ಕಟ್ಟುವ ಕೆಲಸ.

ಹಾಗಾದರೆ ಎರಡು ವಾರ ಚೆನ್ನಾಗಿ ಓಡುವುದು ಯಾಕೆ? ಆಗ ಒಳಗೆ ಏನೂ ಇರುವುದಿಲ್ಲ, ಅದಕ್ಕೆ. ಆಮೇಲೆ ನೀವು ಕ್ರೋಮ್ ಹಾಕುತ್ತೀರಿ, ಜೂಮ್ ಹಾಕುತ್ತೀರಿ, ಪ್ರಿಂಟರ್‌ನ ಸಾಫ್ಟ್‌ವೇರ್, ವಾಟ್ಸ್‌ಆ್ಯಪ್ ಎಲ್ಲ ಬರುತ್ತವೆ. ಒಂದೊಂದೂ ಕಂಪ್ಯೂಟರ್ ಆನ್ ಆಗುವಾಗಲೇ ತಾನೂ ಏಳಬೇಕು ಅನ್ನುತ್ತದೆ. ಅಸಲಿ ಕಾರಣ ಇದ್ದಲ್ಲೇ ಇರುತ್ತದೆ. ಅದು ಯಾವುದು ಅಂತ ನೀವೇ ಕಣ್ಣಾರೆ ನೋಡಬಹುದು.

ನಾಳೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಚಿಕ್ಕದಾಗಿ ಕಂಡರೆ ಕೆಳಗೆ 'ಮೋರ್ ಡೀಟೇಲ್ಸ್' ಒತ್ತಿ. ಮೇಲಿನ ಸಾಲಿನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಅಂಕಿಗಳಿರುತ್ತವೆ. ಬಹುಶಃ ನಿಮ್ಮ ಸಿಪಿಯು 15 ಅಥವಾ 20ರಲ್ಲಿ ಆರಾಮವಾಗಿರುತ್ತದೆ. ಡಿಸ್ಕ್ ಮಾತ್ರ ಕೆಂಪಗಾಗಿ 100 ಪರ್ಸೆಂಟ್ ತೋರಿಸುತ್ತಿರುತ್ತದೆ, ಹತ್ತು ನಿಮಿಷವಾದರೂ ಇಳಿಯುವುದಿಲ್ಲ. ಹಾಗೆ ಕಂಡರೆ ನಿಮ್ಮ ಚಹಾ ತಣ್ಣಗಾಗಲು ಕಾರಣ ಅದೇ.

ಅದು ಹೇಗೆ ಅಂತ ಹೇಳುತ್ತೇನೆ. ನಿಮ್ಮದು ಒಳಗೆ ತಟ್ಟೆ ತಿರುಗುವ ಹಾರ್ಡ್‌ಡಿಸ್ಕ್. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಒಂದು ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದಬೇಕಾದರೆ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ, ಅಡ್ಡಿಯಿಲ್ಲ. ಆದರೆ ವಿಂಡೋಸ್ ಏಳುವಾಗ ಓದುವುದು ದೊಡ್ಡ ಫೈಲನ್ನಲ್ಲ, ಅಲ್ಲೊಂದು ಇಲ್ಲೊಂದು ಇರುವ ಸಾವಿರಾರು ಚಿಕ್ಕ ಫೈಲುಗಳನ್ನು. ಪ್ರತಿಯೊಂದಕ್ಕೂ ಸೂಜಿಯಂಥ ತಲೆ ಆ ಜಾಗಕ್ಕೆ ಸರಿಯಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಆಗ ವೇಗ ಸೆಕೆಂಡಿಗೆ ಒಂದೆರಡು ಎಂಬಿಗೆ ಇಳಿಯುತ್ತದೆ. ಇದರ ಬದಲು ಹಾಕಿಸಬಹುದಾದದ್ದು ಎಸ್‌ಎಸ್‌ಡಿ, ಅಂದರೆ ಎಲ್ಲವನ್ನೂ ಚಿಪ್ಪಿನಲ್ಲೇ ಇಡುವ ಡಿಸ್ಕ್. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್‌ಡಿಸ್ಕ್ ಇದ್ದ ಜಾಗದಲ್ಲೇ ಕೂರುವ ಸಾಟಾ ಮಾದರಿಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ, ಚಿಕ್ಕ ಫೈಲುಗಳಲ್ಲಂತೂ ಅಂತರ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಾಲ್ಕು ಸಲ ಫಾರ್ಮ್ಯಾಟ್‌ಗೆ ಕೊಟ್ಟ ದುಡ್ಡಿನಲ್ಲಿ ಇದನ್ನು ಹಾಕಿಸಿದ್ದರೆ ನೀವು ಇವತ್ತು ನನಗೆ ಬರೆಯಬೇಕಾಗಿಯೇ ಇರಲಿಲ್ಲ. ಇದನ್ನು ನೆನೆದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. 8 ಜಿಬಿ ರ‍್ಯಾಮ್ ನಿಮ್ಮ ಕೆಲಸಕ್ಕೆ ಸಾಕು, ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಬದಲಿಸಬೇಕಾದ್ದು ಡಿಸ್ಕ್ ಒಂದನ್ನೇ.

ಡಿಸ್ಕ್ ತರುವ ಮುಂಚೆ ಇನ್ನೊಂದು ಮುಖ್ಯ ವಿಷಯ ನೋಡಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು 'ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ', ಅದರೊಳಗೆ 'ಆ್ಯಕ್ಟಿವೇಷನ್' ಒತ್ತಿ. ಡಿಜಿಟಲ್ ಲೈಸೆನ್ಸ್‌ನಿಂದ ವಿಂಡೋಸ್ ಆ್ಯಕ್ಟಿವೇಟ್ ಆಗಿದೆ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇದ್ದರೆ ಸರಿ. 'ನಿಮ್ಮ ಆರ್ಗನೈಸೇಷನ್‌ನ ಆ್ಯಕ್ಟಿವೇಷನ್ ಸರ್ವಿಸ್' ಮೂಲಕ ಆಗಿದೆ ಅಂತ ಇದ್ದರೆ ಜಾಗ್ರತೆ. ಅದು ದೊಡ್ಡ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಇರಬೇಕಾದ ಸಾಲು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದು ಕಂಡರೆ ಫಾರ್ಮ್ಯಾಟ್ ಮಾಡಿದವರು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಕೊಳ್ಳದೆ ಕಳ್ಳದಾರಿಯಲ್ಲಿ ಓಡಿಸುವ ವಿಂಡೋಸ್ ಹಾಕಿದ್ದಾರೆ ಅಂತ ಬಹುತೇಕ ಹೇಳಬಹುದು. ಅಪ್‌ಡೇಟ್ ಬಂದರೆ ಕ್ರ್ಯಾಕ್ ಕೆಟ್ಟುಹೋದೀತು ಅನ್ನುವ ಭಯಕ್ಕೆ ಅದರಲ್ಲಿ ಅಪ್‌ಡೇಟನ್ನೇ ಆಫ್ ಮಾಡಿ ಕೊಡುವ ರೂಢಿಯೂ ಇದೆ. ಗ್ರಾಹಕರಿಗೆ ಇದು ಗೊತ್ತೇ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ನಾನು ಈ ಸಾಲನ್ನು ತೋರಿಸಿದಾಗ ಅವರ ಮುಖ ಸಣ್ಣಗಾಗಿದ್ದನ್ನು ನೋಡಿದ್ದೇನೆ. ತಪ್ಪು ಅವರದ್ದಲ್ಲ, ನಿಮ್ಮದೂ ಅಲ್ಲ.

ಇದರಲ್ಲಿ ಸಂಕಟದ ಸಂಗತಿ ಏನು ಅಂದರೆ ಆ ಕ್ರ್ಯಾಕ್ ಬೇಕಾಗಿಯೇ ಇರಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಅಸಲಿ ವಿಂಡೋಸ್ ಜೊತೆಗೇ ಬಂದಿದ್ದರೆ ಅದರ ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಚಿಪ್ಪಿನಲ್ಲೇ ಕೂತಿರುತ್ತದೆ. ವಿಂಡೋಸ್ 8ರ ಕಾಲದಿಂದ ಕಂಪನಿಗಳು ಹೀಗೇ ಮಾಡುತ್ತಿವೆ. ಮೈಕ್ರೋಸಾಫ್ಟ್‌ನ ತಾಣದಿಂದ ಪುಕ್ಕಟೆ ಇಳಿಸಿಕೊಂಡು ಅದೇ ಎಡಿಷನ್, ಅಂದರೆ ಹೋಮ್ ಇದ್ದರೆ ಹೋಮ್ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಅದರ ಬೆಲೆಯನ್ನು ನೀವು 2019ರಲ್ಲೇ ಕೊಟ್ಟಾಗಿದೆ.

ಅಪ್‌ಡೇಟ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2017ರ ಮೇ 12ರಂದು ವಾನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತಿನ ತುಂಬ ಹಬ್ಬಿತು. ಕಂಪ್ಯೂಟರ್‌ನಲ್ಲಿದ್ದ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಅಂದರೆ ಸುಮಾರು ಎರಡು ತಿಂಗಳು ಸಮಯ ಇತ್ತು. ಹಾಕಿಕೊಂಡವರು ಉಳಿದರು. ಪ್ರತಿ ತಿಂಗಳ ಎರಡನೇ ಮಂಗಳವಾರ ಇಂಥ ಅಪ್‌ಡೇಟ್‌ಗಳು ಬಿಡುಗಡೆ ಆಗುತ್ತವೆ. ನಮಗೆ ಅದು ಮಂಗಳವಾರ ರಾತ್ರಿ. ಹಾಗಾಗಿ ಆ ವಾರದ ಶನಿವಾರವೋ ಭಾನುವಾರವೋ, ಟ್ಯೂಷನ್ ಇಲ್ಲದ ಹೊತ್ತಿನಲ್ಲಿ, ಚಾರ್ಜರ್ ಹಾಕಿಟ್ಟು ಅಪ್‌ಡೇಟ್ ಮಾಡಿ ಮುಗಿಸಿ. 'ಆಮೇಲೆ ಮಾಡೋಣ' ಅಂತ ಮುಂದೂಡಿದರೆ ಅದು ಸರಿಯಾಗಿ ಮಕ್ಕಳು ಬಂದು ಕೂತಾಗಲೇ ಶುರುವಾಗುತ್ತದೆ.

ಇನ್ನು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಡುವ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮುಂದಿನವು ವಿಂಡೋಸ್ 11ಕ್ಕೆ ನಡೆಯುತ್ತವೆ. 'ಪಿಸಿ ಹೆಲ್ತ್ ಚೆಕ್' ಅನ್ನುವ ಮೈಕ್ರೋಸಾಫ್ಟ್‌ನದೇ ಚಿಕ್ಕ ಪ್ರೋಗ್ರಾಂ ಹಾಕಿದರೆ ಹೌದೋ ಅಲ್ಲವೋ ಅಂತ ಖಚಿತವಾಗಿ ಹೇಳುತ್ತದೆ. ಹೌದು ಅಂದರೆ ಹೊಸ ಎಸ್‌ಎಸ್‌ಡಿಯ ಮೇಲೆ ಅಸಲಿ ವಿಂಡೋಸ್ 11 ಹಾಕಿಸಿ. ಹಳೆಯ ವಿಂಡೋಸ್ ಅಸಲಿಯೇ ಇದ್ದು ಚೆನ್ನಾಗಿದ್ದರೆ ಅದನ್ನೇ ಹೊಸ ಡಿಸ್ಕ್‌ಗೆ ಕ್ಲೋನ್ (ಇದ್ದ ಹಾಗೇ ಪೂರ್ತಿ ನಕಲು) ಮಾಡಿಸಿ, ಆಮೇಲೆ ಅಲ್ಲಿಂದಲೇ 11ಕ್ಕೆ ಏರಿಸಬಹುದು.

ಅಂಗಡಿಯಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿ: ಹಳೆಯ ಹಾರ್ಡ್‌ಡಿಸ್ಕನ್ನು ಅಳಿಸಬಾರದು, ಹಾಗೇ ನನ್ನ ಕೈಗೆ ವಾಪಸ್ ಕೊಡಬೇಕು. ಅದನ್ನು ಹೊರಗಿನಿಂದ ಪೆನ್‌ಡ್ರೈವ್‌ನಂತೆ ಜೋಡಿಸಲು ಒಂದು ಯುಎಸ್‌ಬಿ ಕೇಸ್ ಕೊಂಡುಕೊಳ್ಳಿ. ಗ್ರ್ಯಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಹತ್ತು ಅಂಗಡಿಯಲ್ಲಿ ಸಿಗುತ್ತದೆ, ಡೊಂಬಿವಲಿಯಲ್ಲೂ ಸಿಗಬಹುದು. ಆ ಹಳೆಯ ಡಿಸ್ಕ್‌ನಲ್ಲಿ ನಿಮ್ಮ ಫೋಟೋ, ಪಾಠದ ನೋಟ್ಸ್ ಎಲ್ಲ ಹಾಗೇ ಉಳಿಯುತ್ತವೆ. ಆದರೆ ಹಳೆಯದು ಯಾವತ್ತಾದರೂ ಕೈಕೊಡಬಹುದು. ಅದು ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಒಂದು ದಿನವೂ ಕಾಯದೆ ಬೇಕಾದ್ದನ್ನು ನಕಲು ಮಾಡಿಕೊಳ್ಳಿ. ಮುಖ್ಯವಾದದ್ದು ಯಾವಾಗಲೂ ಎರಡು ಕಡೆ ಇರಲಿ, ಅದರಲ್ಲಿ ಒಂದು ಲ್ಯಾಪ್‌ಟಾಪ್‌ನಿಂದ ಹೊರಗೆ ಇರಲಿ.

ಇಷ್ಟಾದ ಮೇಲೆ ಉಳಿಯುವುದು ತಿಂಗಳಿಗೆ ಅರ್ಧ ಗಂಟೆಯ ಕೆಲಸ. ವಾರಕ್ಕೊಮ್ಮೆ ಮಾಡಬೇಕಾದ್ದು ಒಂದೇ ಒಂದು: ರೀಸ್ಟಾರ್ಟ್. ನೀವು ದಿನಾ ರಾತ್ರಿ ಶಟ್ ಡೌನ್ ಮಾಡುತ್ತೀರಿ, ಅದು ಸಾಲದೇ ಅನ್ನಬಹುದು. ಸಾಲದು. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನುವ ವ್ಯವಸ್ಥೆ ಇದೆ. ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಗಿನ ತಿರುಳನ್ನು ಪೂರ್ತಿ ಮುಚ್ಚುವುದಿಲ್ಲ, ಇದ್ದ ಹಾಗೇ ಡಿಸ್ಕ್‌ನಲ್ಲಿ ಬರೆದಿಟ್ಟು ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಸುತ್ತದೆ. ನಿನ್ನೆಯ ಗೋಜಲು ಇವತ್ತಿಗೂ ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಮುಚ್ಚಿ ಹೊಸದಾಗಿ ಏಳುತ್ತದೆ. ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು ಒತ್ತಿ, ಕೆಳಗೆ 'ಅಪ್ ಟೈಮ್' ನೋಡಿ. ಚೆಂಬೂರಿನ ಒಬ್ಬರ ಕಂಪ್ಯೂಟರ್‌ನಲ್ಲಿ ಅದು 23 ದಿನ ತೋರಿಸುತ್ತಿತ್ತು. ಅವರು ದಿನಾ ರಾತ್ರಿ ತಪ್ಪದೆ ಆಫ್ ಮಾಡಿ ಮಲಗುವವರು. ಒಂದು ರೀಸ್ಟಾರ್ಟ್‌ಗೆ ಪ್ರಿಂಟರ್ ಸಿಗದ ತೊಂದರೆಯೂ ಹೋಯಿತು, ಫ್ಯಾನಿನ ಸದ್ದೂ ಇಳಿಯಿತು.

ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ 'ಸ್ಟಾರ್ಟಪ್' ಪುಟ ಇದೆ. ಆನ್ ಆದ ಕೂಡಲೇ ಏಳುವವರ ಪಟ್ಟಿ ಅದು. ನಿಮಗೆ ಬೇಡವಾದದ್ದರ ಮೇಲೆ ಬಲಗಡೆಯ ಬಟನ್ ಒತ್ತಿ 'ಡಿಸೇಬಲ್' ಮಾಡಿ. ಇದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ. ಜೂಮ್, ಟೀಮ್ಸ್, ಹಾಡಿನ ಆ್ಯಪ್, ಪ್ರಿಂಟರ್‌ನ ಸಹಾಯಕ, ಇವು ಯಾವುವೂ ಬೆಳಿಗ್ಗೆ ಬೆಳಿಗ್ಗೆ ಏಳಬೇಕಾಗಿಲ್ಲ. ವಿಂಡೋಸ್ ಸೆಕ್ಯುರಿಟಿ ಮತ್ತು ಸೌಂಡ್, ಟಚ್‌ಪ್ಯಾಡ್‌ನಂಥವನ್ನು ಮುಟ್ಟಬೇಡಿ. ಹೆಸರು ಗೊತ್ತಾಗದಿದ್ದರೆ ಸುಮ್ನೆ ಬಿಟ್ಟುಬಿಡಿ.

ತಿಂಗಳಿಗೊಮ್ಮೆ ಜಾಗ ಖಾಲಿ ಮಾಡಿ. ಸಿ ಡ್ರೈವ್‌ನಲ್ಲಿ ಐದರಲ್ಲಿ ಒಂದು ಪಾಲು ಖಾಲಿ ಇರಲಿ ಅನ್ನುವುದು ನಾನು ಪಾಲಿಸುವ ಲೆಕ್ಕ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ 'ಟೆಂಪರರಿ ಫೈಲ್ಸ್' ಇದೆ. ಇಲ್ಲಿ ದಯವಿಟ್ಟು ಒಂದು ನಿಮಿಷ ನಿಂತು ಓದಿ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಅಂತಲೂ ಒಂದು ಚೌಕ ಇರುತ್ತದೆ. ಅದು ಕಸವಲ್ಲ, ನೀವು ಇಳಿಸಿಕೊಂಡ ಫೈಲುಗಳೆಲ್ಲ ಇರುವ ಜಾಗ. ಎಲ್ಲದಕ್ಕೂ ಟಿಕ್ ಹಾಕುತ್ತಾ ಹೋಗಿ ಮಗಳ ಮಾರ್ಕ್ಸ್‌ಕಾರ್ಡ್‌ಗಳನ್ನು ಕಳೆದುಕೊಂಡವರು ನನ್ನ ಎದುರು ಅತ್ತದ್ದುಂಟು. ಅದೊಂದನ್ನು ಬಿಟ್ಟು ಉಳಿದದ್ದನ್ನು ಅಳಿಸಬಹುದು. ರಿಸೈಕಲ್ ಬಿನ್‌ನಲ್ಲಿ ಬೇಕಾದ್ದೇನೂ ಇಲ್ಲ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಡಿಫ್ರಾಗ್, ಅಂದರೆ ಡಿಸ್ಕ್‌ನಲ್ಲಿ ಚದುರಿದ ಫೈಲಿನ ತುಂಡುಗಳನ್ನು ಒಟ್ಟುಗೂಡಿಸುವ ಬಗ್ಗೆ ಕೆಲವರು ಹೇಳುತ್ತಾರೆ. ತಿರುಗುವ ಡಿಸ್ಕ್‌ಗೆ ಅದು ಬೇಕು, ಆದರೆ ವಿಂಡೋಸ್ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿಗೆ ಬೇರೆ ಸಾಫ್ಟ್‌ವೇರ್ ಹಾಕಿ ಡಿಫ್ರಾಗ್ ಮಾಡಬಾರದು, ಸುಮ್ನೆ ಸವೆತ.

ರಿಜಿಸ್ಟ್ರಿ ಕ್ಲೀನರ್, ಪಿಸಿ ಬೂಸ್ಟರ್ ಅಂತ ಬರುವ ಯಾವುದನ್ನೂ ಹಾಕಬೇಡಿ. ರಿಜಿಸ್ಟ್ರಿ ಅಂದರೆ ವಿಂಡೋಸ್‌ನ ಲೆಕ್ಕದ ಪುಸ್ತಕ. ಅದರಿಂದ ನಾಲ್ಕು ಹಳೆಯ ಸಾಲು ತೆಗೆದರೆ ವೇಗ ಹೆಚ್ಚುವುದಿಲ್ಲ, ತಪ್ಪು ಸಾಲು ತೆಗೆದರೆ ಕಂಪ್ಯೂಟರ್ ಏಳುವುದಿಲ್ಲ. ಇಂಥ ಕ್ಲೀನರ್‌ಗಳನ್ನು ಮೈಕ್ರೋಸಾಫ್ಟ್ ಕೂಡ ಒಪ್ಪುವುದಿಲ್ಲ. 2017ರಲ್ಲಿ ಹೆಸರಾಂತ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೇ ಕಳ್ಳರು ಮಾಲ್‌ವೇರ್ ಸೇರಿಸಿದ್ದರು. ಆ ಆವೃತ್ತಿ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೋಗಿತ್ತು. ಆ್ಯಂಟಿವೈರಸ್ ಕೂಡ ಎರಡೆರಡು ಬೇಡ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಅವಧಿ ಮುಗಿದ ಟ್ರಯಲ್ ಆ್ಯಂಟಿವೈರಸ್ ಕೂತಿದ್ದರೆ ತೆಗೆದುಹಾಕಿ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರ್‌ಗೆ ಐದು ವೈರಸ್ ತಗಲಿದೆ' ಅಂತ ಪಟ್ಟನೆ ಬರುತ್ತದೆಯೇ? ಅದು ಸಾಮಾನ್ಯವಾಗಿ ವೈರಸ್ ಅಲ್ಲ. ಯಾವುದೋ ತಾಣ ನೋಟಿಫಿಕೇಷನ್ ಕಳಿಸಲೇ ಅಂತ ಕೇಳಿದಾಗ ಮಕ್ಕಳು 'ಅಲೌ' ಒತ್ತಿರುತ್ತಾರೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದುಬಿಡಿ. ಆ ಸುಳ್ಳು ಎಚ್ಚರಿಕೆಯಲ್ಲಿ ತೋರಿಸುವ ನಂಬರಿಗೆ ಯಾವ ಕಾರಣಕ್ಕೂ ಫೋನ್ ಮಾಡಬೇಡಿ. ಅವರು ಎನಿಡೆಸ್ಕ್‌ನಂಥದ್ದು ಹಾಕಿಸಿ ನಿಮ್ಮ ಪರದೆಯನ್ನೇ ಕೈಗೆ ತೆಗೆದುಕೊಳ್ಳುತ್ತಾರೆ. ಪಿಂಚಣಿ ದುಡ್ಡು ಕಳೆದುಕೊಂಡ ಹಿರಿಯರನ್ನು ಕಂಡಿದ್ದೇನೆ.

ಯಾವತ್ತಾದರೂ ವಿಂಡೋಸ್ ವಿಚಿತ್ರವಾಗಿ ಆಡಿದರೆ, ಸ್ಟಾರ್ಟ್ ಮೆನು ತೆರೆಯದಿದ್ದರೆ, ಅಂಗಡಿಗೆ ಓಡುವ ಮುಂಚೆ ಒಂದು ರಿಪೇರಿ ಮಾಡಿ ನೋಡಿ. ಟಾಸ್ಕ್ ಬಾರ್‌ನ ಹುಡುಕುವ ಜಾಗದಲ್ಲಿ ಸಿ, ಎಮ್, ಡಿ ಅಂತ ಟೈಪ್ ಮಾಡಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಸ್ಟಾರ್ಟ್ ಕೈಕೊಟ್ಟರೆ ಟಾಸ್ಕ್ ಮ್ಯಾನೇಜರ್‌ನ 'ರನ್ ನ್ಯೂ ಟಾಸ್ಕ್'ನಿಂದಲೂ ಅದನ್ನೇ ತೆರೆಯಬಹುದು, ಕೆಳಗಿನ ಅಡ್ಮಿನಿಸ್ಟ್ರೇಟರ್ ಚೌಕಕ್ಕೆ ಟಿಕ್ ಹಾಕಿ. ಕಪ್ಪು ಪರದೆ ಬರುತ್ತದೆ, ಹೆದರಬೇಡಿ. ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ: ಇಂಗ್ಲಿಷ್‌ನಲ್ಲಿ ಎಸ್, ಎಫ್, ಸಿ, ಒಂದು ಸ್ಪೇಸ್, ಆಮೇಲೆ ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಕೊಂಡ ಹಾಗೆ 'ಸ್ಕ್ಯಾನ್‌ನೌ' ಅಂತ ಒಂದೇ ಪದ. ಎಂಟರ್ ಒತ್ತಿ ಬಿಟ್ಟುಬಿಡಿ. ಕೆಟ್ಟುಹೋದ ವಿಂಡೋಸ್ ಫೈಲುಗಳನ್ನು ಹುಡುಕಿ ಸರಿಪಡಿಸುತ್ತದೆ. ನಿಮ್ಮ ಸ್ವಂತ ಫೈಲುಗಳಿಗೆ ಕೈ ಹಾಕುವುದಿಲ್ಲ.

ನಮ್ಮ ಮಳೆಗಾಲದ ಬಗ್ಗೆಯೂ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಮುಚ್ಚಿಡಬೇಡಿ. ದಿನಾ ಸ್ವಲ್ಪ ಹೊತ್ತು ಓಡಿದರೆ ಅದರದೇ ಬಿಸಿಗೆ ತೇವ ಆರುತ್ತದೆ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡಿದರೆ ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ, ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆರು ವರ್ಷ ದಾಟಿದ ಯಂತ್ರ ಆದ್ದರಿಂದ ಎಸ್‌ಎಸ್‌ಡಿ ಹಾಕುವಾಗಲೇ ಫ್ಯಾನ್ ಬಿಚ್ಚಿ ಧೂಳು ತೆಗೆದು ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಲು ಹೇಳಿ.

ಕೊನೆಗೆ ನಿಮ್ಮ ಸಂಘದ ಪಟ್ಟಿ. ಅದು ಕಳೆದುಹೋಗಿಲ್ಲ, ಧೈರ್ಯವಾಗಿರಿ. ಆ ಪಟ್ಟಿಯನ್ನು ಹಿಂದೆ ಯಾರೋ ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ ಅನ್ನಿಸುತ್ತದೆ. ಆ ಫಾಂಟುಗಳಲ್ಲಿ ಕಂಪ್ಯೂಟರ್‌ಗೆ ಸಿಗುವುದು ಇಂಗ್ಲಿಷ್ ಗುರುತುಗಳೇ, ಅವುಗಳ ಮೇಲೆ ಕನ್ನಡ ಅಕ್ಷರದ ಚಿತ್ರ ತೊಡಿಸಿರುತ್ತಾರೆ. ಫಾರ್ಮ್ಯಾಟ್ ಮಾಡಿದಾಗ ಫಾಂಟ್ ಹೋಯಿತು, ಒಳಗಿನ ಗುರುತು ಬಯಲಿಗೆ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಮತ್ತೆ ಹಾಕಿದರೆ ಹೆಚ್ಚಿನಂಶ ಅಕ್ಷರಗಳು ಮರಳುತ್ತವೆ. ಮರಳದಿದ್ದರೆ ಬರಹ ಹಾಕಿ ನೋಡಿ. ಫೈಲಿನ ಒಳಗೆ ಫಾಂಟಿನ ಹೆಸರೇ ಇರುತ್ತದೆ, ವರ್ಡ್‌ನಲ್ಲಿ ಒಂದು ಸಾಲಿನ ಮೇಲೆ ಕರ್ಸರ್ ಇಟ್ಟರೆ ಮೇಲೆ ಕಾಣುತ್ತದೆ. ಅಕ್ಷರ ಬಂದ ಮೇಲೆ ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಗುರುತು ಇರುವ ಪದ್ಧತಿಗೆ ಬದಲಿಸಿ. ಯೂನಿಕೋಡ್ ಕನ್ನಡಕ್ಕೆ ಬೇಕಾದ ನಿರ್ಮಲಾ ಫಾಂಟ್ ಈಗ ವಿಂಡೋಸ್‌ನಲ್ಲೇ ಇದೆ, ಯಾರ ಕಂಪ್ಯೂಟರ್‌ನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಒಮ್ಮೆ ಕೂತು ಓದಿ, ತಪ್ಪು ನುಸುಳುವುದು ಅಲ್ಲೇ. ಹಳೆಯ ಫೈಲನ್ನೂ ಅಳಿಸಬೇಡಿ. ಎರಡನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಸಂಘದ ಕಪಾಟಿನಲ್ಲಿಡಿ.